ಶಟರಿನ ಮೇಲೆ ಮೂರನೆಯ ಮುಖ

ಗಡಿಯಾರದವನ ಅಂಗಡಿ ಅಂದೂ ತೆರೆಯಲಿಲ್ಲ.

ಎದುರು ಸಾಲಿನ ಬೈಂಡಿಂಗ್ ಅಂಗಡಿಯವಳು ಹೊಲಿಗೆ ನಿಲ್ಲಿಸಿ ನೋಡಿದಳು. ಇಳಿದ ಶಟರಿನ ತುಂಬ ಅವನ ಮುಖ. ಒಂದೊಂದು ಕಣ್ಣೂ ತಟ್ಟೆಯಷ್ಟು ಅಗಲ. ತುಟಿಯ ಮೇಲೆ ಅವನು ಎಂದೂ ನಕ್ಕಿರದ ನಗೆ. ನಗರಸಭೆ ಕಳಿಸಿದ ಚಿತ್ರಗಾರ್ತಿ ಅದನ್ನು ಬರೆದು ಮುಗಿಸಿ ಹನ್ನೆರಡು ದಿನವಾಗಿತ್ತು. ಅಂದಿನಿಂದ ಅವನ ಸುಳಿವಿಲ್ಲ. ಮಗಳ ಮನೆಗೆ ಹೋದನೆಂದು ಯಾರೋ ಅಂದರು. ಮೂವತ್ತು ವರ್ಷ ಜ್ವರ ಬಂದರೂ ಬಾಗಿಲು ಹಾಕದವನು.

ಪಕ್ಕದ ಶಟರಿನಲ್ಲಿ ಕತ್ತರಿ ಹಿಡಿದ ಕ್ಷೌರಿಕ. ಅವನ ಚಿತ್ರ ಮುಗಿದು ವಾರವಾಗಿತ್ತು. ಅವನ ಅಂಗಡಿಯೂ ಮುಚ್ಚಿತ್ತು.

ಹಗಲೆಲ್ಲ ಅಪರಿಚಿತರು ಗುಂಪಾಗಿ ಬರುತ್ತಿದ್ದರು. ಆ ಮುಖಗಳೆದುರು ದನಿ ತಗ್ಗಿಸಿ ನಿಂತು, ಫೋಟೊ ತೆಗೆದುಕೊಂಡು ಹೊರಟುಹೋಗುತ್ತಿದ್ದರು. ಸತ್ತವರ ಮನೆಗೆ ಬಂದವರ ಹಾಗೆ.

ತರಕಾರಿ ಸಂತೆಯಲ್ಲಿ ಕ್ಷೌರಿಕ ಸಿಕ್ಕಿದಾಗ ಅವಳು ತಡೆದು, ಅಂಗಡಿ ಯಾಕೆ ತೆರೆದಿಲ್ಲವೆಂದು ಕೇಳಿದಳು. ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಗಡ್ಡ ಬೆಳೆದಿತ್ತು.

"ಬಣ್ಣ ಒಣಗೋ ತನಕ ನನಗೂ ಗೊತ್ತಾಗ್ಲಿಲ್ಲ ಅಕ್ಕಾ. ಹೇಳಿದ್ರೆ ನೀವೂ ನಗ್ತೀರಿ."

ಅಷ್ಟಂದು ಹಿಂತಿರುಗಿ ನೋಡದೆ ನಡೆದ.

ಅವಳಿಗೆ ನಗು ಬರಲಿಲ್ಲ. ಮಾವನಿಂದ ಕೈಗೆ ಬಂದ ಅಂಗಡಿ ಅದು. ಅವಳೂ ಅತ್ತೆಯೂ ಉಣ್ಣುವುದು ಅದರಿಂದಲೇ. ಶಾಲೆಗಳ ರಿಜಿಸ್ಟರು, ಕಚೇರಿಗಳ ಕಡತ. ಬೆಳಿಗ್ಗೆ ಬಂದು ಕೊಟ್ಟು, ಐದಕ್ಕೆ ಮುಂಚೆ ಒಯ್ಯುವ ಗಿರಾಕಿಗಳು. ಬೀದಿಯನ್ನು ಖಾಲಿ ಮಾಡಿಸುವ ಹೊಸ ಉಪಾಯವಿದು ಎಂದು ಅವಳಿಗೆ ಖಾತ್ರಿಯಾಯಿತು. ಹಳೆಯ ಮಾರುಕಟ್ಟೆ ಕೆಡವಿದಾಗಲೂ ಹೀಗೆಯೇ ಸಿಹಿಮಾತು. ಸಹಿಯಾದ ಮೇಲೆ ಕಾಗದದ ನಡುವೆ ಹೊಸದೊಂದು ಹಾಳೆ ತೂರಿಸಿದ್ದರು.

ಶುಕ್ರವಾರ ನಗರಸಭೆಯ ಶಟರ್ ಚಿತ್ರ ಯೋಜನೆಯ ಅಧಿಕಾರಿ ಅವಳ ಮೆಟ್ಟಿಲು ಹತ್ತಿದ. ಸ್ಥಳೀಯ ಕಲೆ, ಸ್ಥಳೀಯ ವ್ಯಾಪಾರ, ಎರಡಕ್ಕೂ ಒಂದೇ ಬೆಂಬಲ ಎಂದು ವಿವರಿಸಿದ. ಸೇರದವರ ಪರವಾನಗಿ ಮುಂದಿನ ವರ್ಷ ಏನಾದೀತೋ ತನಗೆ ತಿಳಿಯದು ಎಂದೂ ಮೆತ್ತಗೆ ಸೇರಿಸಿದ.

"ಸೇರಿದ್ರೆ ನಮ್ಮನ್ನ ಎಬ್ಬಿಸ್ತೀರಾ?" ಎಂದಳು.

"ಎಬ್ಬಿಸೋದಾ? ಐದು ವರ್ಷ ನಿಮ್ಮನ್ನ ಇಲ್ಲಿಂದ ಯಾರೂ ಅಲುಗಾಡಿಸೋ ಹಾಗಿಲ್ಲ. ಬರೆದೇ ಕೊಟ್ಟಿದೀವಿ, ನೋಡಿ."

ಮೂಲೆಯಲ್ಲಿ ಅಂಟು ಕಲಸುತ್ತಿದ್ದ ಅತ್ತೆ ತಲೆಯೆತ್ತಿದರು. "ಇವಳ ಮುಖ ಅಷ್ಟು ದೊಡ್ಡದಾಗಿ ಬರೆದ್ರೆ ಇರೋ ಗಿರಾಕೀನೂ ಓಡಿಹೋಗ್ತಾರೆ, ಸ್ವಾಮಿ."

ಅಧಿಕಾರಿ ಮಾತ್ರ ನಗಲಿಲ್ಲ.

ಅವಳು ಒಪ್ಪಂದವನ್ನು ಕೈಗೆತ್ತಿಕೊಂಡಳು. ಒಂಬತ್ತು ಹಾಳೆ, ಮೂಲೆಯಲ್ಲೊಂದು ಪಿನ್ನು. ಯಾರು ಯಾವಾಗ ಏನು ಬೇಕಾದರೂ ತೂರಿಸಬಹುದು. ಪಿನ್ನು ಕಿತ್ತಳು. ಹಾಳೆಗಳನ್ನು ಕುಟ್ಟಿ ಅಂಚು ಸೇರಿಸಿದಳು. ಓದುತ್ತ ಕೂತರೆ ಕೈ ಓಡುವುದಿಲ್ಲ, ಪುಟಸಂಖ್ಯೆ ನೋಡು ಸಾಕು, ಎಂದು ಮಾವ ಕಲಿಸಿದ್ದರು. ಹದಿನಾಲ್ಕು ವರ್ಷದಲ್ಲಿ ಊರಿನ ಅರ್ಧ ಕಾಗದ ಅವಳ ಬೆರಳ ಕೆಳಗೆ ಹಾದುಹೋಗಿತ್ತು, ಒಂದು ಸಾಲೂ ಕಣ್ಣಿಗೆ ತಾಗದೆ. ಒಂದರಿಂದ ಒಂಬತ್ತು, ಎಲ್ಲ ಸರಿ. ಮೇಣದ ದಾರದಿಂದ ಬಿಗಿಯಾಗಿ ಹೊಲಿದಳು. ಇನ್ನು ಕೂದಲೆಳೆಯೂ ಒಳಗೆ ನುಸುಳದು.

"ಈಗ ಒಂದು ಅಕ್ಷರ ಆಚೀಚೆ ಆಗ್ಲಿ, ನೋಡ್ತೀನಿ," ಎಂದು ಸಹಿ ಹಾಕಿದಳು.

"ಆಗಬಾರದು," ಎಂದ ಅವನು, ಹೊಲಿಗೆಯನ್ನು ಮೆಚ್ಚುಗೆಯಿಂದ ಸವರುತ್ತ. "ಒಂದಕ್ಷರವೂ ಆಗಬಾರದು."

ಶನಿವಾರ, ಭಾನುವಾರ ಚಿತ್ರಗಾರ್ತಿ ಏಣಿ ಹತ್ತಿ ಬರೆದಳು. ಸೂಜಿ ಹಿಡಿದು ಬಗ್ಗಿದ ಮುಖ, ಹಣೆಯ ಗೆರೆ, ಎಡಗೈಯ ಅಂಟಿನ ಕಲೆ, ಎಲ್ಲವೂ ತದ್ರೂಪ. ಕೊನೆಗೆ ಕುಂಚ ತೊಳೆಯುತ್ತ, ಬೇಸರ ಮಾಡ್ಕೋಬೇಡಿ ಅಮ್ಮಾ, ಎಂದಳು ಆ ಹುಡುಗಿ. ಅಂಗಡಿಯವಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸೋಮವಾರ ಎಂಟಕ್ಕೇ ಬಂದಳು. ಬಣ್ಣ ಒಣಗಿತ್ತು. ಯಾರೂ ತಡೆಯಲಿಲ್ಲ. ಬೀಗ ತೆಗೆದು ಶಟರ್ ಮೇಲೆತ್ತಿದಳು, ಮೇಜು ಒರೆಸಿದಳು, ಶಾಲೆಯ ರಿಜಿಸ್ಟರುಗಳನ್ನು ಹರಡಿದಳು. ಒಂಬತ್ತಾಯಿತು. ಏನೂ ಆಗಲಿಲ್ಲ. ತಾನು ಇಷ್ಟು ದಿನ ಹೆದರಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಹತ್ತಕ್ಕೆ ಐದು ನಿಮಿಷವಿರುವಾಗ ಅಧಿಕಾರಿ ಬಂದ. ಹಿಂದೆ ಕ್ಯಾಮೆರಾ ಹಿಡಿದ ಜನ. ಅವನು ಮೇಜಿನ ಮೇಲೆ ಅವಳದೇ ಹೊಲಿಗೆಯ ಒಪ್ಪಂದವನ್ನಿಟ್ಟು ಆರನೆಯ ಪುಟ ತೆರೆದ. ವೀಕ್ಷಣೆಯ ವೇಳೆ ಹತ್ತರಿಂದ ಆರು, ದಿನವೂ, ಐದು ವರ್ಷ. ಆರರ ಮೇಲೆ ಅಂಗಡಿ ಅವಳದೇ. ಆಮೇಲೆ, ಮನೆಯವರೊಬ್ಬರಿಗೆ ತಿಳಿಹೇಳುವಷ್ಟು ಮೃದುವಾಗಿ, ಅವಳ ತಲೆಯ ಮೇಲಿನ ಸುರುಳಿಯತ್ತ ಕೈ ತೋರಿಸಿದ.

"ಶಟರ್ ಎತ್ತಿದ್ರೆ ಚಿತ್ರ ಹೇಗಮ್ಮಾ ಕಾಣುತ್ತೆ?"