ಒಬ್ಬನೇ ನುಗ್ಗಬಾರದು

ಊರಿನ ಐಸ್ ಹಾಕಿ ತಂಡದ ಹುಡುಗ ಮಿಸ್ಕಾ ಕೈಗವಸು ಕಿತ್ತೆಸೆದು ಎದುರಾಳಿಯ ಕೊರಳಪಟ್ಟಿಗೆ ಕೈ ಹಾಕಿದಾಗ ಎನ್ಸಿಯೊ ನಾಲ್ಕು ಮಾರು ದೂರದಲ್ಲೇ ಇದ್ದ. ಎನ್ಸಿಯೊ ಲೈನ್ಸ್‌ಮನ್. ಮಂಜುಗಡ್ಡೆಯ ಮೇಲಿನ ಗೆರೆ ಕಾಯುವುದು, ಪಕ್ ಎಂಬ ರಬ್ಬರ್ ಬಿಲ್ಲೆ ಹಾಕಿ ಆಟ ಶುರುಮಾಡಿಸುವುದು, ಆಟಗಾರರು ಹೊಡೆದಾಟಕ್ಕೆ ಬಿದ್ದರೆ ಬಿಡಿಸುವುದು ಅವನ ಕೆಲಸ. ರೆಫ್ರಿ ಜಗಳದ ಮಧ್ಯೆ ಕೈ ಹಾಕುವಂತಿಲ್ಲ. ದೂರ ನಿಂತು, ಯಾರದು ಎಷ್ಟು ತಪ್ಪು ಎಂದು ನೋಡಿಕೊಂಡು ಶಿಕ್ಷೆ ಹೇಳಬೇಕು, ಅಷ್ಟೆ.

ಬಿಡಿಸಲು ಲೈನ್ಸ್‌ಮನ್‌ಗಳಿಬ್ಬರೂ ಒಟ್ಟಿಗೇ ನುಗ್ಗಬೇಕು. ಒಬ್ಬನೇ ಹೋಗಿ ಒಬ್ಬನನ್ನು ಹಿಡಿದರೆ ಸಿಕ್ಕಿದವನ ಕೈ ಕಟ್ಟಿಹಾಕಿದಂತೆ, ಇನ್ನೊಬ್ಬನಿಗೆ ಹಬ್ಬ. ಅದಕ್ಕೇ ಇಪ್ಪತ್ತು ವರ್ಷದಿಂದ ಎನ್ಸಿಯೊ "ಈಗ" ಅನ್ನುತ್ತಿದ್ದ, ಆಚೆ ಬದಿಯಿಂದ ಜೊತೆಯ ಲೈನ್ಸ್‌ಮನ್ ಅರ್ಮಸ್ ಬರುತ್ತಿದ್ದ. ಆದರೆ ಕ್ರಿಸ್‌ಮಸ್ಸಿನಿಂದೀಚೆಗೆ ಅವರಿಬ್ಬರಿಗೆ ಮಾತಿಲ್ಲ.

ಅರ್ಮಸ್‌ನ ಮಂಡಿ ಹೋಗಿದೆ, ದೊಡ್ಡ ಪಂದ್ಯಗಳಿಗೆ ಹಾಕಬೇಡಿ ಎಂದು ಎನ್ಸಿಯೊ ಲೀಗಿನ ಕಚೇರಿಗೆ ಫೋನ್ ಮಾಡಿದ್ದ. ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ ಅಂದುಕೊಂಡದ್ದು ಅವನ ದಡ್ಡತನ. ಹೆಲ್ಸಿಂಕಿಯ ದೊಡ್ಡ ಪಂದ್ಯಗಳು ತಪ್ಪಿಹೋಗಿ ಅರ್ಮಸ್‌ಗೆ ಉಳಿದದ್ದು ಊರಿನ ಅಂಕಣವೊಂದೇ. ಯಾಕೆ ಹೇಳಿದೆ ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಬಿಗುಮಾನದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ಪಂದ್ಯಕ್ಕೆ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲೂ ಅದೇ ಕತೆ.

"ಸೋಹ್ವಿ, ಆ ಮನುಷ್ಯನಿಗೆ ಚೀಲ ಆ ಕಡೆ ಇಡು ಅಂತ ಹೇಳಮ್ಮ," ಎಂದಿದ್ದ ಎನ್ಸಿಯೊ.

"ಸೋಹ್ವಿ, ಚೀಲ ಇಲ್ಲೇ ಇರುತ್ತೆ ಅಂತ ಹೇಳಮ್ಮ."

ರೆಫ್ರಿ ಸೋಹ್ವಿಗೆ ಅವರ ಅರ್ಧದಷ್ಟು ವಯಸ್ಸು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು. ಎನ್ಸಿಯೊಗೂ ಸಾಕಾಗಿತ್ತು. ಪಂದ್ಯ ಮುಗಿದ ಮೇಲೆ ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಒಬ್ಬನೇ ಬೆವರುತ್ತಾ ಕೂರುವುದು ಅವನಿಗೆ ಶಿಕ್ಷೆಯೇ ಆಗಿತ್ತು. ಗೆಳೆಯ ಬೇಕಿತ್ತು, ಆದರೆ ತಾನಾಗಿ ಹೋಗಿ ಮಾತಾಡುವುದು ಮಾತ್ರ ಬೇಡವಾಗಿತ್ತು.

ಇವತ್ತೂ ಅವನು "ಈಗ" ಅನ್ನಲಿಲ್ಲ. ಮೊದಲು ಅವನೇ ನನ್ನ ಕಡೆ ನೋಡಲಿ ಎಂದು ನಿಂತ. ಅರ್ಮಸ್ ಛಾವಣಿಯ ದೀಪ ನೋಡುತ್ತಿದ್ದ. ಹುಡುಗರು ಗುದ್ದಾಡಿದರು, ಗಿರಗಿರ ಸುತ್ತಿದರು, ಮತ್ತೆ ಗುದ್ದಾಡಿದರು. ಜನ ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಂತರು.

"ಏನು, ನಿಮಗೆ ಬೇರೆ ಕರೆಯೋಲೆ ಕಳಿಸ್ಬೇಕಾ?" ಎಂದು ಸೋಹ್ವಿ ದೂರದಿಂದಲೇ ಕೂಗಿದಳು.

ಕೊನೆಗೆ ಹೊಡೆದಾಡುವವರಿಗೇ ಸುಸ್ತಾಯಿತು. ಬಿಡಿಸುವವರು ಬರುವ ಮೊದಲೇ ಕೈಬಿಟ್ಟರೆ ಸೋತಂತೆ, ಹಾಗಾಗಿ ಬಿಡುವಂತೆಯೂ ಇಲ್ಲ.

"ಎನ್ಸಿಯೊ ಮಾವ, ಬೇಗ ಬನ್ನಿ ಪುಣ್ಯಾತ್ಮರೇ," ಮಿಸ್ಕಾ ಏದುಸಿರು ಬಿಡುತ್ತಾ ಹೇಳಿದ. "ಕೈ ಎತ್ತಕ್ಕಾಗ್ತಿಲ್ಲ."

"ನಂಗೂ ಅಷ್ಟೇ," ಎಂದು ಎದುರಾಳಿ ಹುಡುಗ ಹೇಳಿ, ಇನ್ನೊಂದು ಗುದ್ದು ಹಾಕಿದ.

ಆ ಮಾತಿಗೆ ನಾಚಿಕೆಯಾಗಿಯೋ, ತನ್ನ ಮಂಡಿ ಗಟ್ಟಿಯಿದೆ ಎಂದು ತೋರಿಸಲಿಕ್ಕೋ, ಅರ್ಮಸ್ ಒಬ್ಬನೇ ನುಗ್ಗಿ ಮಿಸ್ಕಾನ ಸೊಂಟ ತಬ್ಬಿದ. ಮಂಡಿ ಕೈಕೊಟ್ಟಿತು. ಇಬ್ಬರೂ ಉರುಳಿದರು. ಅವರನ್ನು ಎಡವಿ ಎದುರಾಳಿ ಹುಡುಗನೂ ಬಿದ್ದ. ಅವನ ಸ್ಕೇಟಿನ ಬ್ಲೇಡು ಅರ್ಮಸ್‌ನ ತಲೆಯ ಪಕ್ಕದಲ್ಲೇ ಮಂಜುಗಡ್ಡೆಯನ್ನು ಕೆರೆದುಕೊಂಡು ಹೋಯಿತು. ಎನ್ಸಿಯೊ ಅಲ್ಲಿಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಅರ್ಮಸ್‌ನ ಮೇಲೆ ಬೋರಲು ಬಿದ್ದು, ಎರಡೂ ಕೈಯಿಂದ ಅವನ ಕತ್ತು ಮುಚ್ಚಿ ಹಿಡಿದಿದ್ದ.

ಹುಡುಗರು ಜಗಳ ಮರೆತು ಎದ್ದು ನಿಂತು ಇವರನ್ನೇ ನೋಡತೊಡಗಿದರು.

"ಕತ್ತು ಬಿಡೋ, ಉಸಿರು ಕಟ್ತಿದೆ." ಇಷ್ಟು ದಿನದ ಮೇಲೆ ಅರ್ಮಸ್ ಗೆಳೆಯನೊಡನೆ ಆಡಿದ ಮೊದಲ ಮಾತು ಅದು.

"ಬ್ಲೇಡು ಎಲ್ಲಿದೆ?"

"ಯಾವ ಬ್ಲೇಡೂ ಇಲ್ಲ. ಹುಡುಗ್ರು ಆಗ್ಲೇ ಎದ್ರು. ಬಿಡು."

ಎನ್ಸಿಯೊ ಬಿಡಲಿಲ್ಲ. "ಡಿಸೆಂಬರಲ್ಲೂ ಹೀಗೇ ಬಿದ್ದೆ ನೀನು. ಬ್ಲೇಡು ನಿನ್ನ ಕತ್ತಿನ ಪಕ್ಕದಲ್ಲೇ ಹೋಯ್ತು. ನೀನು ಮೈ ಕೊಡವಿಕೊಂಡು ನಗ್ತಾ ಎದ್ದೆ. ನಂಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ."

ಅರ್ಮಸ್ ಕಷ್ಟಪಟ್ಟು ಅವನ ಕಡೆ ಮುಖ ತಿರುಗಿಸಿದ.

"ಅದಕ್ಕಾ ಫೋನ್ ಮಾಡಿದ್ದು?"

"ಮತ್ತಿನ್ನೇನಕ್ಕೆ?"

"ನಂಗೇ ಹೇಳೋಕೇನಾಗಿತ್ತು ನಿಂಗೆ ಧಾಡಿ?"

"ಹೇಳಿದ್ರೆ ಕೇಳ್ತಿದ್ಯಾ?"

"ಇಲ್ಲ," ಎಂದ ಅರ್ಮಸ್. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಸೋಹ್ವಿ ಹತ್ತಿರ ಬಂದಳು. ಶಿಕ್ಷೆ ಯಾರಿಗೆ ಕೊಡಬೇಕೆಂದೇ ಗೊತ್ತಾಗುತ್ತಿಲ್ಲ ಎಂದು ಗೊಣಗಿದಳು, ಆದರೆ ಅವಳ ಮುಖ ಅರಳಿತ್ತು. ಹೊಡೆದಾಡಿದ ಹುಡುಗರೇ ಒಬ್ಬೊಬ್ಬರು ಒಬ್ಬೊಬ್ಬ ಹಿರಿಯನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಜನ ಚಪ್ಪಾಳೆ ತಟ್ಟಿದರು. ಅರ್ಮಸ್ ಒಂಟಿ ಕಾಲಲ್ಲಿ ನಿಂತು ಎನ್ಸಿಯೊನ ಹೆಗಲ ಮೇಲೆ ಭಾರ ಹಾಕಿದ.

"ನಾಳೆ ಇನ್ನೊಂದ್ಸಲ ಫೋನ್ ಮಾಡು ಅವರಿಗೆ," ಎಂದ. "ಈ ಊರಿನ ಪಂದ್ಯಕ್ಕೂ ನನ್ನನ್ನ ಹಾಕ್ಬೇಡಿ ಅಂತ ಹೇಳು."

ಇಷ್ಟು ದಿನ ಎನ್ಸಿಯೊಗೆ ಬೇಕಾಗಿದ್ದದ್ದೂ ಅದೇ. ಆಗಲಿ ಎಂದು ತಲೆಯಾಡಿಸಿದ.

"ಹಾಗೇ ನಿನ್ನ ಹೆಸರೂ ತೆಗೆಸು."

"ನಂದ್ಯಾಕೆ? ನನ್ನ ಮಂಡಿ ಚೆನ್ನಾಗೇ ಇದೆಯಲ್ಲ."

"ಮಂಡಿ ಮನೆ ಹಾಳಾಯ್ತು," ಎಂದ ಅರ್ಮಸ್. "ನಾಳೆ ನೀನು ಬಿದ್ರೆ, ನಿನ್ನ ಮೇಲೆ ಬಂದು ಬೀಳೋಕೆ ಯಾರಿರ್ತಾರೆ?"