ಆಚಾರ್ರ ಅಂಗಡಿಯಲ್ಲಿ ಸುಟ್ಟ ಕೆಂಪು ಹರಳು

ಬೆಳ್ಳುಳ್ಳಿ ಸುಟ್ಟ ವಾಸನೆ ಬಂದರೆ ಸಾಕು, ಯಲಹಂಕದ ಅಕ್ಕಸಾಲಿ ಆಚಾರ್ರ ಅಂಗಡಿ ಈಗಲೂ ಕಣ್ಣಿಗೆ ಕಟ್ಟುತ್ತದೆ.

ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಓದಿದವಳು ನಾನೇ ಮೊದಲು. ನನಗೆ ಕಾಲೇಜಿನ ಆಸೆ, ಅಜ್ಜಿಗೆ ನನ್ನ ಮದುವೆಯ ಆತುರ. ರಾಜಸ್ಥಾನದ ಸೀಸದ ಗಣಿಯಲ್ಲಿದ್ದ ಮಾವ ರಜೆಗೆ ಬಂದಾಗ ನನಗೊಂದು ಕಲ್ಲು ತಂದುಕೊಟ್ಟಿದ್ದ. ಬೂದು ಕಲ್ಲಿನೊಳಗೆ ದಾಳಿಂಬೆ ಕಾಳಿನಂಥ ಕೆಂಪು ಹರಳು. ಅದು ಬರೀ ಅದಿರು ಎಂದು ಮಾವ ಎಷ್ಟು ಹೇಳಿದರೂ ಕೇಳದೆ ಅಜ್ಜಿ ಅದು ಮಾಣಿಕ್ಯವೇ ಎಂದು, ಮದುವೆಯ ಓಲೆಗೆ ಹಾಕಿಸಲು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟಳು.

ಆಚಾರ್ರು ಒಂದು ಚೂರು ಕಿತ್ತು, ಊದುಗೊಳವೆಯಲ್ಲಿ ಉರಿ ಹಾಯಿಸಿದರು. ಹರಳು ಕರಗಿ ಕಪ್ಪಾಯಿತು. ಅಂಗಡಿಯೆಲ್ಲ ಬೆಳ್ಳುಳ್ಳಿ ನಾತ.

"ಏನಮ್ಮಾ, ಓಲೆ ಮಾಡ್ಲೋ, ಚಟ್ನಿ ಮಾಡ್ಲೋ?"

"ಪಾಷಾಣ ಸುಟ್ರೆ ಬರೋ ವಾಸನೆ ಅದು, ವಿಷದ ಹೊಗೆ, ಆಚೆ ಬನ್ನಿ!" ಎಂದು ಮಾವ ಎಲ್ಲರನ್ನೂ ಬೀದಿಗೆ ಎಳೆದ. "ಬೆಳ್ಳಿ, ಪಾಷಾಣ, ಗಂಧಕ ಸೇರಿರೋ ಅದಿರು ಕಣಮ್ಮ ಇದು. ನೆಲದಾಳದ ಬಿಸಿನೀರು ಬಂಡೆ ಬಿರುಕಲ್ಲಿ ಮೇಲೇರ್ತಾ ಸೀಸ, ಸತುವನ್ನ ಮೊದಲು ಬಿಟ್ಟುಬಿಡುತ್ತೆ. ನೀರು ತಣ್ಣಗಾಗ್ತಾ ಬಂದಾಗ ಕೊನೇಲಿ ಉಳಿದಿದ್ದು ಹಿಂಗೆ ಹರಳಾಗುತ್ತೆ. ಸಿಗೋದೇ ಅಪರೂಪ."

"ಇದೆಲ್ಲ ನಿಂಗೆ ಯಾರು ಹೇಳಿದ್ರು ಮಾವ?"

"ನಮ್ಮ ಗಣಿ ಸಾಹೇಬ್ರು. ಎಮ್ಮೆಸ್ಸಿ ಓದವ್ರೆ."

"ನಾನೂ ಅದನ್ನೇ ಓದ್ತೀನಿ," ಅಂದೆ.

ಅಜ್ಜಿ ಉಳಿದ ಕಲ್ಲನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಇವನು ಹೇಳಿದ್ದು ನಾನು ನಂಬಲಿಲ್ಲ. ಓದಿದೋಳು ನೀನು ಹೇಳಿದ್ರೆ ನಂಬ್ತಿದ್ದೆ. ಹೋಗು, ಓದು."