ಬಲಗಡೆಯ ಕಾಯಿ

ಟಿಕೋಟಾದ ಚರಿತ್ರೆ ಬರೆಯುವವರು ಮುಂದೆ ಯಾರಾದರೂ ಹುಟ್ಟಿದರೆ ಈ ಒಂದು ಸಂಗತಿಯನ್ನು ಮಾತ್ರ ಬಿಡಬಾರದೆಂದು ವಿನಂತಿ. ಅಮಾವಾಸ್ಯೆಯ ದಿನ ಬೆಳಿಗ್ಗೆ ಹೈಸ್ಕೂಲಿನ ವಿಜ್ಞಾನ ಮಾಸ್ತರ ಶ್ರೀಮಂತ ತನ್ನ ಮನೆಯ ಅಂಗಳದಲ್ಲಿ ನಿಂತು, ಹೆತ್ತ ತಾಯಿ ರಾಚವ್ವನಿಗೆ ಬೆರಳು ತೋರಿಸಿ ಹೇಳಿದ: “ಯವ್ವಾ, ಗಾಡಿ ಮುಟ್ಟಬ್ಯಾಡ.”

ಗಾಡಿ ಅವನದಲ್ಲ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿ ಶಕೀಲ ಆಸೆಪಟ್ಟು ಪುಣೆಯಿಂದ ತಂದದ್ದು. ಕ್ಲಚ್ಚಿಲ್ಲದ, ಗೇರನ್ನು ತಾನೇ ಹಾಕಿಕೊಳ್ಳುವ, ಎಮ್ಮೆಯ ಗಾತ್ರದ ಮೋಟರ್‌ಸೈಕಲ್. ಇತ್ತೀಚೆಗೆ ಎಮ್ಮೆಯ ಹಾಗೆಯೇ ಗೇರು ಗೇರಿಗೂ ಒದೆಯುತ್ತಿತ್ತು. “ಎಂಜಿನ್ನಿಗೊಂದು, ಗೇರಿಗೊಂದು ಕಂಪ್ಯೂಟರ್ ಅದಾವ. ಕಲಿತದ್ದೆಲ್ಲಾ ಮರಿಸಿ ಹೊಸದಾಗಿ ಕಲಿಸಿದ್ರ ಆತು. ಮನ್ಯಾಗ ಮಾಡ್ತೀನಿ” ಎಂದು ಶ್ರೀಮಂತ ಮಾತು ಕೊಟ್ಟುಬಿಟ್ಟಿದ್ದ. ಕೆಟ್ಟರೆ ಟೆಂಪೋದಲ್ಲಿ ಹೇರಿಕೊಂಡು ಪುಣೆಗೇ ಹೋಗಬೇಕು ಎಂದು ಶಕೀಲ ಮೊದಲೇ ಹೇಳಿದ್ದ. ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರ ವಿರುದ್ಧ ಊರಲ್ಲಿ ಭಾಷಣ ಮಾಡುವವನು ಶ್ರೀಮಂತನೊಬ್ಬನೇ. ಮಾತು ತಪ್ಪಿದರೆ ಟೆಂಪೋ ಹತ್ತುವುದು ಗಾಡಿಯೊಂದೇ ಅಲ್ಲ, ಅವನ ಮಾನವೂ.

ಮರೆಸುವ ಕೆಲಸ ಸುಸೂತ್ರವಾಗಿ ಮುಗಿದಿತ್ತು. ಈಗ ಕಲಿಸುವುದು. ಅದಕ್ಕೆ ಎಂಜಿನ್ ಚಾಲೂ ಮಾಡಿ, ಯಾರೂ ರೇಸ್ ಕೊಡದೆ, ಅದು ಕಾದು ಅದರ ಫ್ಯಾನ್ ತಿರುಗುವವರೆಗೆ ಸುಮ್ಮನೆ ಬಿಡಬೇಕು. ಸುಮ್ಮನಿರುವುದೆಂದರೆ ಏನೆಂದು ಗಾಡಿ ಮೊದಲು ಕಲಿಯುತ್ತದೆ. ಉಳಿದ ವಿದ್ಯೆಯೆಲ್ಲ ಅದರ ಮೇಲೆ. ಗಾಡಿ ಚಾಲೂ ಮಾಡಿಟ್ಟು, ಮುಂದಿನ ಹಂತವನ್ನು ಮೊಬೈಲಿನಲ್ಲಿ ನೋಡಿಕೊಳ್ಳಲು ಶ್ರೀಮಂತ ಮಾಳಿಗೆ ಹತ್ತಿದ. ಅವನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ.

“ಗಾಡಿ ದನಿ ಯಾಕ ಏರಿತು?” ಎಂದು ಮೇಲಿನಿಂದ ಕೂಗಿದ.

“ಏನಿಲ್ರಿ!” ಎಂದಳು ಹೆಂಡತಿ ಮಹಾನಂದಾ, ಒಲೆಯ ಮುಂದಿನಿಂದ.

“ಫ್ಯಾನ್ ತಿರಿಗಿತೇನು?”

ಅವಳು ಹೊರಗೆ ಇಣುಕಿದಳು. “ತಿರುಗಾಕತ್ತೇತ್ರಿ!”

“ಚಾವಿ ಬಂದ್ ಮಾಡು!”

ಮಾಡಿದಳು. ಗಾಡಿಯ ಪಾಠ ಮುಗಿಯಿತು. ಶ್ರೀಮಂತ ವಿಜಯಿಯಾಗಿ ಇಳಿದು ಬಂದು ನೋಡುತ್ತಾನೆ, ಬಲಗಡೆಯ ಹಿಡಿಗೆ, ರೇಸ್ ಕೊಡುವ ಹಿಡಿಗೇ, ಕೆಂಪು ಅರಿವೆಯಲ್ಲಿ ಕಟ್ಟಿದ ದಪ್ಪ ತೆಂಗಿನಕಾಯಿ ಜೋತುಬಿದ್ದಿದೆ. ದಾರವನ್ನು ಸುತ್ತಿ ಸುತ್ತಿ ಬಿಗಿದಿದೆ. ಮೇಲೆ ಎರಡು ಲಿಂಬೆಹಣ್ಣು, ಶೋಭೆಗೆ.

“ಮುಟ್ಟಬ್ಯಾಡ ಅಂದಿದ್ನಿಲ್ಲ ಬೇ!”

“ನಾ ಎಲ್ಲಿ ಮುಟ್ಟೀನೋ ಯಪ್ಪಾ? ಕಾಯಿ ಅಷ್ಟ ಕಟ್ಟೀನಿ” ಎಂದಳು ರಾಚವ್ವ. “ಅಮಾಸಿ ದಿನ ಮಂದಿ ಗಾಡಿ ಬೋಳ ನಿಂದರಸ್ತಾರೇನ? ಟ್ರ್ಯಾಕ್ಟರಿಗಿ ಕಟ್ತಾರ, ಟಂಟಂಗಿ ಕಟ್ತಾರ. ಇದೇನ ಪಾಪ ಮಾಡೇದ?”

ಶ್ರೀಮಂತ ಕಾಯಿಯನ್ನು ಕಿತ್ತು ಕಟ್ಟೆಯ ಮೇಲಿಟ್ಟು ಗಾಡಿ ಚಾಲೂ ಮಾಡಿದ. ಮುಂದಿನ ಪರದೆಯ ಮೇಲೆ ಎರಡು ಕೆಂಪು ದೀಪ ಹತ್ತಿದವು. ಗೇರಿನ ಅಕ್ಷರ ಮಿಣುಕಿ ಮಾಯವಾಯಿತು. ಗಾಡಿ ಕೆಮ್ಮಿತೇ ಹೊರತು ಗೇಣೂ ಸರಿಯಲಿಲ್ಲ. ಬಂದ್ ಮಾಡಿ ಮತ್ತೆ ಹಚ್ಚಿದ. ಮತ್ತೆ ಕೆಂಪು. ಅಂಗಿಯ ಬೆನ್ನು ತೊಯ್ದು ಮೈಗೆ ಅಂಟಿತು. ಕಣ್ಣ ಮುಂದೆ ಟೆಂಪೋ ಬಂದು ನಿಂತಿತು.

ರಾಚವ್ವ ಕಾಯಿಯನ್ನು ತಂದು ಮೊದಲಿದ್ದ ಹಾಗೆಯೇ ಬಿಗಿದಳು. “ಈಗ ಹಚ್ಚು.”

ಅವಳ ಬಾಯಿ ಮುಚ್ಚಿಸಲೆಂದೇ ಹಚ್ಚಿದ. ದೀಪಗಳು ಆರಿದವು. ಗೇರು ಟಕ್ಕೆಂದು ಬಿತ್ತು. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಬಾಗಿಲವರೆಗೆ ಹೋಯಿತು. ಶ್ರೀಮಂತ ಅದರ ಮೇಲೆ ಕೂತಿದ್ದ ಅಷ್ಟೇ. ಬಾಯಿ ತೆರೆದದ್ದು ತೆರೆದೇ ಇತ್ತು.

ಬಾಗಿಲಲ್ಲಿ ಇನ್ನೊಂದು ಬಾಯಿ ತೆರೆದುಕೊಂಡು ನಿಂತಿತ್ತು. ಬಸ್ಸಿಳಿದು ಬಂದ ಶಕೀಲ ಎಲ್ಲವನ್ನೂ ನೋಡಿದ್ದ. ಕಾಯಿ ಬಿಚ್ಚಿದ್ದನ್ನು, ಗಾಡಿ ನಿಂತದ್ದನ್ನು, ಕಾಯಿ ಕಟ್ಟಿದ್ದನ್ನು, ಗಾಡಿ ನಡೆದದ್ದನ್ನು.

ಅಷ್ಟರಲ್ಲಿ ಶ್ರೀಮಂತನ ತಲೆಯಲ್ಲಿ ವಿಜ್ಞಾನ ಮರಳಿ ಬಂತು. “ಶಕೀಲ, ಕೇಳಿಲ್ಲಿ. ಕಾಯಿ ಭಾರಕ್ಕ ರೇಸ್ ಒಂಚೂರು ತಿರುಗಿತ್ತು. ಸುಮ್ನಿರೋದಂದ್ರ ಇಷ್ಟ ಅಂತ ಗಾಡಿ ಕಲತದ. ಕಾಯಿ ತಗದ್ರ ಅದಕ್ಕ ತಾಳ ತಪ್ಪತೈತಿ. ಇನ್ನೊಮ್ಮಿ ಮರಿಸಿ, ಕಾಯಿ ಇಲ್ದ ಕಲಿಸಿಬಿಟ್ರ...”

ಶಕೀಲ ಗಾಡಿ ಹತ್ತಿ ಓಣಿಯ ತುದಿ ಮುಟ್ಟಿ ಬಂದ. ಇಳಿಯುವಾಗ ಕಣ್ಣಲ್ಲಿ ನೀರಾಡಿದಂತಿತ್ತು.

“ಒಟ್ಟ ಒದಿಯಾಕತ್ತಿಲ್ರಿ ಮಾಸ್ತರ.”

“ಹಂಗಲ್ಲೋ, ಕಾಯಿ ಬಿಚ್ಚಿ...”

“ಕೈ ಹಚ್ಚಬ್ಯಾಡ್ರಿ!” ಶಕೀಲ ಅಡ್ಡ ನಿಂತ. “ಎಡಗಡಿ ನಮ್ಮ ಅಮ್ಮಾ ತಾಯತಾ ಕಟ್ಯಾಳ, ನೋಡ್ರಿ. ಬಲಗಡಿ ಖಾಲಿ ಇತ್ತು. ಒದೀಲಾರದ ಏನ ಮಾಡತೈತಿ?”

“ಇದು ವಿಜ್ಞಾನ, ಶಕೀಲ!”

“ಇಲ್ಲಂದವರ್ಯಾರು? ವಿಜ್ಞಾನ ಭಾಳ ಚಲೋ ಆಗೇದ್ರಿ.” ಶಕೀಲ ರಾಚವ್ವನ ಕಡೆ ತಿರುಗಿದ. “ಅವ್ವಾರ, ಕಾಯಿ ಯಾವಾಗ ಬದಲಿ ಮಾಡಬೇಕ್ರಿ?”

“ಅಮಾಸಿಗೊಮ್ಮಿ ಬಾರಪಾ.”

“ಅಷ್ಟ ತೂಕದ್ದ ಇರಬೇಕು” ಎಂದಿತು ಒಂದು ಧ್ವನಿ. ಯಾರದೆಂದು ಶ್ರೀಮಂತ ಗಾಬರಿಯಿಂದ ಸುತ್ತ ನೋಡಿದ. ಅವನದೇ.

ಈಗ ಪ್ರತಿ ಅಮಾವಾಸ್ಯೆಗೆ ಶಕೀಲ ಟಿಕೋಟಾಕ್ಕೆ ಬರುತ್ತಾನೆ. ಶ್ರೀಮಂತ ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಕಾಯಿಯನ್ನು ತೂಗಿ ಕಟ್ಟುತ್ತಾನೆ.